ಸೆಟ್ಟಿಗಿಂತ ತಂತಿ ಮುಖ್ಯ

2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಶಾಲಾ ಮಕ್ಕಳ ಗುಂಪೊಂದು ಸೇರಿತ್ತು. ಅವರು ಮಾತನಾಡಲು ಕಾದಿದ್ದು ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಜೊತೆ. ಆಗ ಅವರು ಇದ್ದದ್ದೆಲ್ಲಿ ಗೊತ್ತೇ? ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ! ಮಕ್ಕಳು ಪ್ರಶ್ನೆ ಕೇಳಿದರು, ಅವರು ಉತ್ತರ ಹೇಳಿದರು. ಈ ಮಾತುಕತೆ ನಡೆದದ್ದು ಹ್ಯಾಮ್ ರೇಡಿಯೊ ಮೂಲಕ.

ಅಷ್ಟು ದೂರದ ದನಿ ಹಿಡಿಯಲು ಎಷ್ಟು ದೊಡ್ಡ ಯಂತ್ರ ಬೇಕೋ ಎಂದು ನಿಮಗೆ ಅನ್ನಿಸಬಹುದು. ನಿಲ್ದಾಣದ ಹ್ಯಾಮ್ ರೇಡಿಯೊದಿಂದ ಭೂಮಿಗೆ ಬರುವ ದನಿ ಸಾಮಾನ್ಯವಾಗಿ 145.8 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಇರುತ್ತದೆ. ಅದನ್ನು ಹಿಡಿಯುವ ಆಂಟೆನಾಕ್ಕೆ ನೆಟ್ಟಗೆ ನಿಲ್ಲಿಸಿದ ಒಂದು ತಂತಿ, ಅದರ ಬುಡದಲ್ಲಿ ನಾಲ್ಕು ತಂತಿ ಸಾಕು. ನೆಟ್ಟಗಿನ ತಂತಿಯ ಉದ್ದ 49 ಸೆಂ.ಮೀ. ಒಂದು ಮೊಳದ ಮೇಲೆ ಎರಡು ಬೆರಳು, ಅಷ್ಟೆ. ಅದನ್ನು ನೀವೇ ಮಾಡಬಹುದು. ಹೇಗೆಂದು ನೋಡೋಣವೇ?

ಹ್ಯಾಮ್ ಎಂದರೆ ಯಾರು?

ಆಕಾಶವಾಣಿ ಮಾತನಾಡುತ್ತದೆ, ನಾವು ಕೇಳುತ್ತೇವೆ. ನಾವು ತಿರುಗಿ ಏನಾದರೂ ಹೇಳಿದರೆ ಅದಕ್ಕೆ ಕೇಳಿಸುವುದಿಲ್ಲ. ಹವ್ಯಾಸಿ ರೇಡಿಯೊದಲ್ಲಿ ಹಾಗಲ್ಲ. ಇಲ್ಲಿ ಎರಡು ಕಡೆಯವರೂ ಮಾತನಾಡುತ್ತಾರೆ, ಎರಡು ಕಡೆಯವರೂ ಕೇಳುತ್ತಾರೆ. ಹೀಗೆ ಮಾತನಾಡುವ ಹವ್ಯಾಸ ಇರುವವರನ್ನು ಪ್ರಪಂಚದ ಎಲ್ಲ ಕಡೆ 'ಹ್ಯಾಮ್' ಎನ್ನುತ್ತಾರೆ. ಹಾಡು ಹಾಕುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ಹಣ ಪಡೆಯುವಂತಿಲ್ಲ. ಮಾತನಾಡಲು ಸರ್ಕಾರದ ಪರವಾನಗಿ ಬೇಕೇ ಬೇಕು. ಅದಕ್ಕೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ಒಂದು ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದವರು ಅದನ್ನು ಬರೆಯಬಹುದು. ಏಳನೆಯ ತರಗತಿಯಲ್ಲಿ ಓದುತ್ತಿರುವವರಿಗೆ ಅದೇನೂ ದೂರವಿಲ್ಲ! ತೇರ್ಗಡೆಯಾಗಿ ಪರವಾನಗಿ ಪಡೆದವರಿಗೆ ಒಂದು ಕರೆ ಸಂಕೇತ ಸಿಗುತ್ತದೆ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ 'ವಿಯು2' ಅಥವಾ 'ವಿಯು3' ಎಂದು ಆರಂಭವಾಗುತ್ತದೆ. ಪ್ರಪಂಚದಲ್ಲಿ ಒಬ್ಬರ ಸಂಕೇತ ಇನ್ನೊಬ್ಬರಿಗೆ ಇರುವುದಿಲ್ಲ.

'ಮೊಬೈಲ್ ಇರುವಾಗ ಇದೆಲ್ಲ ಯಾಕೆ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಈ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಬೇರೆ ಬೇರೆ ದೇಶಗಳ ಹ್ಯಾಮ್‌ಗಳ ಜೊತೆ ಅಲ್ಲಿಂದ ಮಾತನಾಡುವುದು ಅವರ ಉದ್ದೇಶವಾಗಿತ್ತು. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪವಾಯಿತು, ಬೆನ್ನಿಗೇ ಸುನಾಮಿ ಅಲೆಗಳು ಬಂದವು. ದೂರವಾಣಿ ಸಂಪರ್ಕ ಕಡಿದುಹೋಯಿತು. ಹವ್ಯಾಸಕ್ಕೆಂದು ತಂದಿದ್ದ ಅದೇ ಸೆಟ್, ಅದೇ ಆಂಟೆನಾ ಆಗ ಸಂಕಷ್ಟದ ಸುದ್ದಿಗಳನ್ನು ದ್ವೀಪಗಳಿಂದ ಹೊರಜಗತ್ತಿಗೆ ಮುಟ್ಟಿಸಿದವು.

ಇದು ಹೇಗೆ ಸಾಧ್ಯವಾಯಿತು? ನಿಮ್ಮ ಮನೆಯ ಮೊಬೈಲ್ ಪಕ್ಕದ ಮನೆಯ ಮೊಬೈಲಿನ ಜೊತೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಗೋಪುರ ಬೇಕು, ಗೋಪುರಕ್ಕೆ ಕರೆಂಟು ಬೇಕು, ಅಲ್ಲಿಂದ ಮುಂದಕ್ಕೆ ಕೇಬಲ್ ಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೂ ಮಾತು ನಿಂತಿತು. ಹ್ಯಾಮ್ ಬಳಿ ಇರುವುದು ಒಂದು ಬ್ಯಾಟರಿ, ಒಂದು ಸೆಟ್, ಒಂದು ಆಂಟೆನಾ. ಇನ್ನೊಂದು ತುದಿಯಲ್ಲೂ ಅಷ್ಟೇ. ನಡುವೆ ಇರುವುದು ಬರೀ ಆಕಾಶ.

ಯಾವ ಸೆಟ್ ಕೊಳ್ಳಬೇಕು?

ಹೊಸದಾಗಿ ಈ ಹವ್ಯಾಸಕ್ಕೆ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಮೊದಲು ಕೇಳಿಸಿಕೊಳ್ಳಿ. ನಿಮ್ಮ ಊರಿನಲ್ಲೋ ಹತ್ತಿರದ ಪಟ್ಟಣದಲ್ಲೋ ಹ್ಯಾಮ್ ಕ್ಲಬ್ ಇದ್ದರೆ ಮೇಷ್ಟ್ರ ಜೊತೆ ಒಂದು ಭಾನುವಾರ ಹೋಗಿ ಕುಳಿತು ಬನ್ನಿ. ಯಾವ ಬಗೆಯ ಮಾತು ನಿಮಗೆ ಇಷ್ಟ ಎಂದು ತಿಳಿಯುವ ಮುನ್ನ ಸೆಟ್ ಕೊಂಡವರ ಮನೆಯಲ್ಲಿ ಅದು ಅಟ್ಟ ಸೇರಿರುವುದನ್ನು ನಾನು ಬಹಳ ನೋಡಿದ್ದೇನೆ.

ಸೆಟ್ಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್. ಪೊಲೀಸರ ಕೈಯಲ್ಲಿ ನೋಡಿರುತ್ತೀರಲ್ಲ, ಅಂಥದ್ದು. ನಮ್ಮ ದೇಶದಲ್ಲಿ ಹ್ಯಾಮ್‌ಗಳು ಇದನ್ನು 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬಳಸುತ್ತಾರೆ. ಇದರ ಶಕ್ತಿ 5 ವಾಟ್ ಆಸುಪಾಸು. ನಮ್ಮ ಮನೆಯ ಪುಟ್ಟ ಎಲ್‌ಇಡಿ ಬಲ್ಬಿನಷ್ಟು! ಈ ಆವೃತ್ತಿಯ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಭೂಮಿ ದುಂಡಗಿರುವುದರಿಂದ ಒಂದಷ್ಟು ದೂರದ ಮೇಲೆ ಅವು ನೆಲವನ್ನು ಬಿಟ್ಟು ಆಕಾಶಕ್ಕೆ ಹೊರಟುಹೋಗುತ್ತವೆ. ಆಂಟೆನಾ ಬಯಲಿನಲ್ಲಿ 2 ಮೀಟರ್ ಎತ್ತರದಲ್ಲಿದ್ದರೆ ಅಲೆ ನೆಲವನ್ನು ಮುಟ್ಟುವುದು ಸುಮಾರು 6 ಕಿ.ಮೀ. ತನಕ. 10 ಮೀಟರ್ ಎತ್ತರದಲ್ಲಿದ್ದರೆ 13 ಕಿ.ಮೀ., 40 ಮೀಟರ್ ಆದರೆ 26 ಕಿ.ಮೀ. ಲೆಕ್ಕ ಗಮನಿಸಿದಿರಾ? ಎತ್ತರ ನಾಲ್ಕು ಪಟ್ಟಾದರೆ ದೂರ ಎರಡು ಪಟ್ಟು. ಬೆಟ್ಟ ಹತ್ತಿದ ಹ್ಯಾಮ್ ಅಷ್ಟು ಖುಷಿಯಾಗಿರುವುದು ಏಕೆಂದು ಈಗ ತಿಳಿಯಿತಲ್ಲ!

ಇನ್ನೊಂದು ಜಾತಿ, ಮೇಜಿನ ಮೇಲೆ ಇಡುವ ದೊಡ್ಡ ಸೆಟ್. ಇದು 3ರಿಂದ 30 ಮೆಗಾಹರ್ಟ್ಸ್ ನಡುವಿನ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಈ ಅಲೆಗಳು ಮೇಲೆ ನೂರಾರು ಕಿ.ಮೀ. ಎತ್ತರದಲ್ಲಿರುವ ಅಯಾನುಗೋಳ ಎಂಬ ಪದರದಲ್ಲಿ ಬಾಗಿ ಮತ್ತೆ ನೆಲಕ್ಕೆ ಬರುತ್ತವೆ. ಗೋಡೆಗೆ ಹೊಡೆದ ಚೆಂಡು ಹಿಂದಕ್ಕೆ ಪುಟಿಯುವ ಹಾಗೆ ಎಂದುಕೊಳ್ಳಿ. ಹಾಗಾಗಿ ಭೂಮಿಯ ಉಬ್ಬನ್ನು ದಾಟಿ ಬೇರೆ ರಾಜ್ಯ, ಬೇರೆ ದೇಶಕ್ಕೂ ಇವು ಹೋಗುತ್ತವೆ. ಇಂಥ ಸೆಟ್ಟಿನ ಶಕ್ತಿ ಹೆಚ್ಚಾಗಿ 100 ವಾಟ್. ಮಾತನಾಡುವಾಗ 13.8 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ಕಾರಿನ ಬ್ಯಾಟರಿಯಂಥದ್ದು ಬೇಕಾಗುತ್ತದೆ. ಬೆಲೆಯೂ ಜಾಸ್ತಿ.

ಬೆಲೆ ಕೇಳಿ ಬೇಸರಪಡಬೇಡಿ. ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್ 2000ರ ದಶಕದ ಆರಂಭದಲ್ಲಿ 'ಬಿಟ್‌ಎಕ್ಸ್' ಎಂಬ ಸೆಟ್ಟಿನ ವಿನ್ಯಾಸ ಮಾಡಿ, ಅದನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಅದರಲ್ಲಿ ಸುರುಳಿ ಸುತ್ತಲು ವಿದೇಶದ ಉಂಗುರಗಳು ಬೇಕಿದ್ದವು. ನಮ್ಮಲ್ಲಿ ಅವು ಸುಲಭವಾಗಿ ಸಿಗುತ್ತಿರಲಿಲ್ಲ. ಅದಕ್ಕೆ ಬದಲಾಗಿ ಅವರು ಬಳಸಿದ್ದೇನು ಗೊತ್ತೇ? ನೀರಿನ ನಲ್ಲಿಗೆ ಹಾಕುವ ವಾಷರ್! ಹಾರ್ಡ್‌ವೇರ್ ಅಂಗಡಿಯ ಈ ವಾಷರ್ ಇದ್ದ ಸೆಟ್ಟಿನಿಂದ ಕೆಲವೇ ವಾಟ್ ಶಕ್ತಿಯಲ್ಲಿ ಜನ ದೂರದೂರಕ್ಕೆ ಮಾತನಾಡಿದರು. ನಮ್ಮ ದೇಶದಲ್ಲಷ್ಟೇ ಅಲ್ಲ, ಹೊರದೇಶಗಳಲ್ಲೂ ಈ ಸೆಟ್ಟನ್ನು ಕಟ್ಟಿದವರು ಬಹಳ ಮಂದಿ.

ಹಳೆಯ ಸೆಟ್ ಕೊಳ್ಳುವುದೂ ಒಳ್ಳೆಯದೇ. ಆದರೆ ಬಲ್ಲ ಹ್ಯಾಮ್ ಒಬ್ಬರು ಜೊತೆಗಿದ್ದು, ಮಾತನಾಡಿಸಿ ನೋಡಿದ ಮೇಲೆ ಕೊಳ್ಳಬೇಕು. ಹೊರಗೆ ಫಳಫಳ ಹೊಳೆಯುವುದು ಲೆಕ್ಕಕ್ಕಿಲ್ಲ. ಪರವಾನಗಿ ಇಲ್ಲದೆ ಮಾತನಾಡುವ ಸೆಟ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದನ್ನೂ ಮರೆಯಬೇಡಿ. ಜಾತ್ರೆಯಲ್ಲಿ ಆಟಿಕೆ ಕೊಂಡಷ್ಟು ಸುಲಭವಾಗಿ ಯಾರಾದರೂ ಮಾರಿದರೂ ಅದು ಆಟಿಕೆಯಲ್ಲ. ನೀವು ತಪ್ಪು ಆವೃತ್ತಿಯಲ್ಲಿ ಗುಂಡಿ ಒತ್ತಿದರೆ ಎಲ್ಲೋ ಒಂದು ಕಡೆ ಅಗ್ನಿಶಾಮಕ ದಳದವರ ಮಾತಿಗೆ ಅಡ್ಡಿಯಾಗಬಹುದು.

ಹಾಗಾದರೆ ಹಣ ಇದ್ದವರು ಹೆಚ್ಚು ವಾಟ್‌ನ ಸೆಟ್ ಕೊಂಡರೆ ಗೆದ್ದಂತೆಯೇ? ಅಲ್ಲ. ಸೆಟ್ಟಿನಲ್ಲಿ ದನಿ ಎಷ್ಟು ಬಲವಾಗಿ ಬರುತ್ತಿದೆ ಎಂದು ತೋರಿಸುವ ಒಂದು ಮುಳ್ಳು ಇರುತ್ತದೆ. ಅದರಲ್ಲಿ 1ರಿಂದ 9ರ ತನಕ ಮೆಟ್ಟಿಲುಗಳು. ಅತ್ತ ಕಡೆಯ ಸೆಟ್ಟಿನಲ್ಲಿ ನಿಮ್ಮ ದನಿ ಒಂದೇ ಒಂದು ಮೆಟ್ಟಿಲು ಏರಬೇಕಾದರೆ ನೀವು ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. 25 ವಾಟ್ ಇದ್ದದ್ದು 100 ವಾಟ್ ಆಗಬೇಕು! ಅಷ್ಟು ಖರ್ಚು ಮಾಡಿ ಸಿಕ್ಕಿದ ಒಂದು ಮೆಟ್ಟಿಲನ್ನು ಕೆಟ್ಟ ಆಂಟೆನಾ ಸುಮ್ಮನೆ ನುಂಗಿ ಹಾಕಬಲ್ಲದು. ಒಳ್ಳೆಯ ಆಂಟೆನಾ ಹೇಳುವುದಕ್ಕೂ ನೆರವಾಗುತ್ತದೆ, ಕೇಳುವುದಕ್ಕೂ ನೆರವಾಗುತ್ತದೆ. ಹೆಚ್ಚಿನ ವಾಟ್‌ನಿಂದ ನಿಮ್ಮ ಕಿವಿ ಚುರುಕಾಗುವುದಿಲ್ಲ.

ಜೋಕಾಲಿ ಮತ್ತು ತಂತಿ

ನಾಗರಪಂಚಮಿಯ ಜೋಕಾಲಿ ಆಡಿದ್ದೀರಲ್ಲ? ಉದ್ದ ಹಗ್ಗದ ಜೋಕಾಲಿ ನಿಧಾನವಾಗಿ ತೂಗುತ್ತದೆ, ಗಿಡ್ಡ ಹಗ್ಗದ್ದು ಬೇಗ ಬೇಗ ತೂಗುತ್ತದೆ. ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲದಿಂದಲೇ ಎತ್ತರಕ್ಕೆ ಹೋಗುತ್ತದೆ. ಲಯ ತಪ್ಪಿ ತಳ್ಳಿದರೆ ಎಷ್ಟು ಶಕ್ತಿ ಹಾಕಿದರೂ ವ್ಯರ್ಥ.

ಆಂಟೆನಾದ ತಂತಿಯೂ ಹೀಗೆಯೇ. ಅದರೊಳಗೆ ವಿದ್ಯುತ್ತು ಆ ತುದಿಯಿಂದ ಈ ತುದಿಗೆ ಓಲಾಡುತ್ತದೆ. ತಂತಿ ಉದ್ದವಾದರೆ ಓಲಾಟ ನಿಧಾನ, ಗಿಡ್ಡವಾದರೆ ವೇಗ. ಬರುವ ಅಲೆಯ ಲಯಕ್ಕೂ ತಂತಿಯ ಲಯಕ್ಕೂ ಹೊಂದಿದರೆ ವಿದ್ಯುತ್ತು ಚೆನ್ನಾಗಿ ಓಲಾಡುತ್ತದೆ. ಇದನ್ನು ಅನುರಣನ ಎನ್ನುತ್ತಾರೆ. ತಂತಿಯ ಉದ್ದ ಅಲೆಯ ಉದ್ದದ ಅರ್ಧದಷ್ಟಿದ್ದರೆ ಇದು ಸೊಗಸಾಗಿ ನಡೆಯುತ್ತದೆ.

ಅಲೆಯ ಉದ್ದ, ಅಂದರೆ ತರಂಗದೂರ, ಕಂಡುಹಿಡಿಯುವುದು ಸುಲಭ. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ. ಬಂದದ್ದೇ ಮೀಟರಿನಲ್ಲಿ ತರಂಗದೂರ. ಬೆಂಗಳೂರಿನ ಎಫ್.ಎಂ. ರೇನ್‌ಬೋ ಕೇಂದ್ರ 101.3 ಮೆಗಾಹರ್ಟ್ಸ್. 300 ಭಾಗಿಸು 101.3 ಎಂದರೆ 2.96 ಮೀಟರ್. ಅದರ ಅರ್ಧ 1.48 ಮೀಟರ್.

ತಂತಿಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದರೆ ಆಯಿತೇ? ಇಲ್ಲೊಂದು ತಮಾಷೆ ಇದೆ. ತುದಿಗಳಲ್ಲಿ ನಡೆಯುವ ವಿದ್ಯುತ್ ಪರಿಣಾಮದಿಂದಾಗಿ ತಂತಿ ತಾನು ಇರುವುದಕ್ಕಿಂತ ತುಸು ಉದ್ದ ಇರುವಂತೆ ವರ್ತಿಸುತ್ತದೆ! ಹಾಗಾಗಿ ಲೆಕ್ಕಕ್ಕಿಂತ ನೂರಕ್ಕೆ 5ರಷ್ಟು ಕಡಿಮೆ ಇಡಬೇಕು. ಇದಕ್ಕೆ ಹ್ಯಾಮ್‌ಗಳು ಒಂದು ಸಂಖ್ಯೆ ನೆನಪಿಟ್ಟುಕೊಂಡಿರುತ್ತಾರೆ: 143. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ಅಲೆಯ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 101.3ಕ್ಕೆ ಅದು 1.41 ಮೀಟರ್.

ಈ ತಂತಿಯನ್ನು ನಡುವೆ ಕತ್ತರಿಸಿ, ಕತ್ತರಿಸಿದ ಎರಡು ತುದಿಗಳಿಂದ ಸೆಟ್ಟಿಗೆ ಸಂಪರ್ಕ ಕೊಟ್ಟರೆ ಅದೇ 'ಡೈಪೋಲ್'. ಎಂದರೆ ಎರಡು ತೋಳಿನ ಆಂಟೆನಾ. ಜರ್ಮನಿಯ ಹೈನ್ರಿಚ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ರೇಡಿಯೊ ಅಲೆಗಳನ್ನು ಮೊದಲು ಉಂಟುಮಾಡಿ ತೋರಿಸಿದ್ದು ಇಂಥ ಎರಡು ತೋಳಿನಿಂದಲೇ. ಅವರೂ ಅದನ್ನು ಅಂಗಡಿಯಿಂದ ತರಲಿಲ್ಲ, ತಾವೇ ಮಾಡಿಕೊಂಡರು!

ಮಾಡಿ ನೋಡಿ: ಎಫ್.ಎಂ. ಆಂಟೆನಾ

ಇದಕ್ಕೆ ಯಾವ ಪರವಾನಗಿಯೂ ಬೇಡ. ಬೇಕಾದದ್ದು 3 ಮೀಟರ್ ಜೋಡಿ ವೈರು. ಸ್ಪೀಕರಿಗೆ ಬಳಸುವ, ಎರಡು ಎಳೆ ಅಂಟಿಕೊಂಡಿರುವ ವೈರು ಸಾಕು. ಒಂದು ತುದಿಯಿಂದ ಎರಡು ಎಳೆಗಳನ್ನು 71 ಸೆಂ.ಮೀ. ತನಕ ಸೀಳಿ ಬಿಡಿಸಿ. ಇನ್ನೂ ಸೀಳದಂತೆ ಆ ಜಾಗದಲ್ಲಿ ದಾರದಿಂದ ಬಿಗಿಯಾಗಿ ಕಟ್ಟಿ. ಬಿಡಿಸಿದ ಎಳೆಗಳನ್ನು ಎಡಕ್ಕೊಂದು ಬಲಕ್ಕೊಂದು ಚಾಚಿ ಬಿದಿರಿನ ಕೋಲಿಗೆ ಕಟ್ಟಿ. ಈಗ ಇದು ಇಂಗ್ಲಿಷಿನ 'ಟಿ' ಅಕ್ಷರದಂತೆ ಕಾಣುತ್ತದೆ. ಕೆಳಗೆ ಉಳಿದ ಜೋಡಿ ವೈರಿನ ತುದಿಯಲ್ಲಿ ಪ್ಲಾಸ್ಟಿಕ್ ಸುಲಿದು, ಒಂದು ಎಳೆಯನ್ನು ರೇಡಿಯೊದ ಎಳೆಯುವ ಕಡ್ಡಿಗೆ ಕ್ಲಿಪ್ಪಿನಿಂದ ಸಿಕ್ಕಿಸಿ. ಇನ್ನೊಂದು ಎಳೆಯನ್ನು ಬ್ಯಾಟರಿಯ ಋಣ ತುದಿಯ ಸ್ಪ್ರಿಂಗಿಗೆ ತಾಗಿಸಿ. ಇದನ್ನು ಸೆಲ್ ಹಾಕುವ ರೇಡಿಯೊದಲ್ಲಿ ಮಾತ್ರ ಮಾಡಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ರೇಡಿಯೊದಲ್ಲಿ ಖಂಡಿತ ಬೇಡ.

ನಿಮ್ಮ ಊರಿಗೆ ಗೊರಗೊರ ಎಂದು ಬರುವ ಒಂದು ಕೇಂದ್ರವನ್ನು ಹಿಡಿದು, ಕೋಲನ್ನು ಅಡ್ಡ ಹಿಡಿದು, ಉದ್ದ ಹಿಡಿದು, ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೋಡಿ. ಎಲ್ಲಿ ಗೊರಗೊರ ಕಡಿಮೆಯಾಯಿತು? ಡೈಪೋಲ್ ತನ್ನ ತೋಳಿನ ಅಗಲದ ಕಡೆಯಿಂದ ಚೆನ್ನಾಗಿ ಕೇಳುತ್ತದೆ, ತುದಿಗಳ ಕಡೆಯಿಂದ ಅಷ್ಟಾಗಿ ಕೇಳುವುದಿಲ್ಲ.

ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ. ಅವರು ಚಿಕ್ಕವರಿದ್ದಾಗ ಮನೆಯ ಮೇಲೆ ಮೀನಿನ ಮುಳ್ಳಿನಂಥ ಟಿ.ವಿ. ಆಂಟೆನಾ ಇರುತ್ತಿತ್ತು. ಭಾನುವಾರ ಸಿನಿಮಾ ಶುರುವಾದಾಗ ಒಬ್ಬರು ಹೆಂಚಿನ ಮೇಲೆ ಹತ್ತಿ ತಿರುಗಿಸುವುದು, ಒಳಗಿನವರು 'ಬಂತು ಬಂತು... ಅಯ್ಯೋ ಹೋಯಿತು, ಹಿಂದಕ್ಕೆ ತಿರುಗಿಸು!' ಎಂದು ಕೂಗುವುದು. ಆ ಆಂಟೆನಾದ ಹೆಸರು ಯಾಗಿ-ಉಡಾ. 1926ರಲ್ಲಿ ಜಪಾನಿನ ಯಾಗಿ ಮತ್ತು ಉಡಾ ಅದನ್ನು ಪ್ರಪಂಚಕ್ಕೆ ತಿಳಿಸಿದರು. ಅದರಲ್ಲೂ ನಡುವೆ ಇರುವುದು ಡೈಪೋಲ್. ಮುಂದೆ ಹಿಂದೆ ಇರುವ ಕೊಳವೆಗಳು ಅಲೆಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುತ್ತವೆ. ಅಂಥ ಹಳೆಯ ಆಂಟೆನಾ ನಿಮ್ಮ ಅಟ್ಟದಲ್ಲಿ ಇದ್ದರೆ ಗುಜರಿಗೆ ಹಾಕಬೇಡಿ. ಅದರ ಅಲ್ಯೂಮಿನಿಯಂ ಕೊಳವೆಗಳು ಆಂಟೆನಾ ಮಾಡಲು ಬಹಳ ಚೆನ್ನ.

ಬಾಹ್ಯಾಕಾಶದ ದನಿಗೆ ಐದು ತಂತಿ

ಈಗ ನಮ್ಮ 49 ಸೆಂ.ಮೀ. ತಂತಿಗೆ ಬರೋಣ. 143ನ್ನು 145.8ರಿಂದ ಭಾಗಿಸಿದರೆ ಹತ್ತಿರ ಹತ್ತಿರ 98 ಸೆಂ.ಮೀ. ಅದರ ಅರ್ಧ 49. ಅಂದರೆ ಇದು ಕಾಲು ಅಲೆಯ ತಂತಿ. 'ಡೈಪೋಲಿಗೆ ಎರಡು ತೋಳು ಬೇಕಲ್ಲ, ಇನ್ನೊಂದು ಎಲ್ಲಿ?' ಎಂದು ಕೇಳುತ್ತೀರಾ? ಆ ಇನ್ನೊಂದು ತೋಳಿನ ಕೆಲಸವನ್ನು ಬುಡದಲ್ಲಿ ನಾಲ್ಕು ದಿಕ್ಕಿಗೆ ಚಾಚಿದ ನಾಲ್ಕು ತಂತಿಗಳು ಮಾಡುತ್ತವೆ. ಕನ್ನಡಿಯ ಮೇಲೆ ನಿಲ್ಲಿಸಿದ ಪೆನ್ಸಿಲ್ ಎರಡರಷ್ಟು ಉದ್ದ ಕಾಣುವುದಿಲ್ಲವೇ? ಹಾಗೆ.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 'ಎಸ್‌ಒ-239' ಎಂಬ ಸಾಕೆಟ್ ಸಿಗುತ್ತದೆ. ಚೌಕಾಕಾರ, ನಾಲ್ಕು ಮೂಲೆಗೆ ನಾಲ್ಕು ತೂತು. ದಪ್ಪ ತಾಮ್ರದ ತಂತಿಯ 49 ಸೆಂ.ಮೀ. ತುಂಡನ್ನು ಅದರ ನಡುವಿನ ಕಡ್ಡಿಗೆ ನೆಟ್ಟಗೆ ಬೆಸುಗೆ ಹಾಕಬೇಕು. ಬೆಸುಗೆಗೆ ದೊಡ್ಡವರ ಕೈ ಇರಲಿ. 51 ಅಥವಾ 52 ಸೆಂ.ಮೀ.ನ ನಾಲ್ಕು ತುಂಡುಗಳನ್ನು ಮೂಲೆಯ ತೂತುಗಳಿಗೆ ನಟ್ಟು ಬೋಲ್ಟಿನಿಂದ ಬಿಗಿಯಿರಿ. ತಾಮ್ರ ದುಬಾರಿ ಎನಿಸಿದರೆ ಈ ನಾಲ್ಕಕ್ಕೆ ಮುರಿದ ದೊಡ್ಡ ಕೊಡೆಯ ಕಡ್ಡಿಗಳೂ ಆದೀತು. ನಾಲ್ಕನ್ನೂ ಕೆಳಮುಖವಾಗಿ 45 ಡಿಗ್ರಿ ಬಗ್ಗಿಸಿ. ಬಗ್ಗಿಸುವುದು ಚೆಂದಕ್ಕಲ್ಲ. ಅವು ಅಡ್ಡ ಮಲಗಿದ್ದರೆ ಆಂಟೆನಾದ ವಿದ್ಯುತ್ ತಡೆ ಸುಮಾರು 36 ಓಮ್ ಆಗುತ್ತದೆ. ಬಗ್ಗಿಸಿದಾಗ ಅದು 50 ಓಮ್ ಹತ್ತಿರ ಬಂದು ಸೆಟ್ಟಿಗೂ ಕೇಬಲ್ಲಿಗೂ ಹೊಂದುತ್ತದೆ. ಪ್ರತಿ ತಂತಿಯ ತುದಿಯನ್ನೂ ಪುಟ್ಟ ಕುಣಿಕೆಯಂತೆ ಮಡಿಚಿ, ಯಾರ ಕಣ್ಣಿಗೂ ಚುಚ್ಚದಿರಲಿ. ಮಡಿಚುವುದಕ್ಕೆ ಬೇಕಾದಷ್ಟು ತಂತಿಯನ್ನು ಮೊದಲೇ ಹೆಚ್ಚಿಗೆ ಬಿಡಿ. ಸಾಕೆಟ್ಟಿಗೆ ಕೇಬಲ್ ಸೇರುವ ಜಾಗಕ್ಕೆ ಟೇಪು ಸುತ್ತಿ. ಒಳಗೆ ಮಳೆನೀರು ಹೋದರೆ ಒಂದೇ ಮಳೆಗಾಲಕ್ಕೆ ಕೇಬಲ್ ಹಾಳು.

ಕೇಬಲ್ ಎಂದೆನಲ್ಲ, ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕೇಬಲ್ಲಿನಲ್ಲಿ ಸಾಗುವಾಗ ಶಕ್ತಿಯ ಒಂದು ಪಾಲು ಬಿಸಿಯಾಗಿ ಹೋಗಿಬಿಡುತ್ತದೆ. ಆರ್‌ಜಿ-58 ಎಂಬ ತೆಳ್ಳನೆಯ ಕೇಬಲನ್ನು 30 ಮೀಟರ್ ಎಳೆದರೆ, 145 ಮೆಗಾಹರ್ಟ್ಸ್‌ನಲ್ಲಿ ಆಂಟೆನಾ ತಲುಪುವುದು ಸುಮಾರು ಕಾಲು ಭಾಗ ಶಕ್ತಿ ಮಾತ್ರ. ಮುಕ್ಕಾಲು ಭಾಗ ದಾರಿಯಲ್ಲೇ ಸೋರಿಹೋಯಿತು! ದಪ್ಪನೆಯ ಆರ್‌ಜಿ-213 ಆದರೆ ಹತ್ತಿರ ಹತ್ತಿರ ಅರ್ಧ ತಲುಪುತ್ತದೆ. ಅದೇ ತೆಳ್ಳನೆಯ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಮುಕ್ಕಾಲು ಭಾಗವನ್ನು ಸರಿಯಾಗಿಯೇ ಮುಟ್ಟಿಸುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಬರೀ ಕೇಳುವುದಕ್ಕಾದರೆ ಡಿಶ್ ಟಿ.ವಿ.ಯ ಉಳಿದ ಕೇಬಲ್ ಬಳಸಿ. ಅದು 75 ಓಮ್‌ನದು. ಆದರೂ ಕೇಳುವ ಕೆಲಸಕ್ಕೆ ಅಡ್ಡಿಯಿಲ್ಲ, ಸೋರಿಕೆಯೂ ಕಡಿಮೆ.

ತೆಂಗಿನಮರದ ಡೈಪೋಲ್

ಪರವಾನಗಿ ಪಡೆದ ಮೇಲೆ ಹೆಚ್ಚಿನವರು ಕಟ್ಟುವ ಮೊದಲ ದೊಡ್ಡ ಆಂಟೆನಾ 7 ಮೆಗಾಹರ್ಟ್ಸ್‌ನದು. ಇದಕ್ಕೆ '40 ಮೀಟರ್ ಪಟ್ಟಿ' ಎಂದೂ ಹೆಸರು. 7.1ಕ್ಕೆ ಲೆಕ್ಕ ಹಾಕಿ: ಒಟ್ಟು 20.1 ಮೀಟರ್, ಒಂದೊಂದು ತೋಳು 10 ಮೀಟರಿನಷ್ಟು. ಮನೆಗೆ ವೈರಿಂಗ್ ಮಾಡುವ ತಂತಿಯೇ ಸಾಕು. ನಡುವೆಯೂ ತುದಿಗಳಲ್ಲೂ ವಿದ್ಯುತ್ತು ಹರಿಯದ ಅವಾಹಕ ಬೇಕು. ಪಿವಿಸಿ ಪೈಪಿನ ತುಂಡಿಗೆ ತೂತು ಕೊರೆದರೆ ಅದೇ ಅವಾಹಕ.

ಎರಡು ಎತ್ತರದ ಕಂಬಗಳು ಎಲ್ಲರಿಗೂ ಸಿಗುವುದಿಲ್ಲ. ಒಂದೇ ಕಂಬಕ್ಕೋ ತೆಂಗಿನಮರಕ್ಕೋ ನಡುಭಾಗವನ್ನು ಏರಿಸಿ, ತೋಳುಗಳನ್ನು ಎರಡು ಕಡೆಗೆ ಇಳಿಬಿಟ್ಟು ಹಗ್ಗದಿಂದ ಕಟ್ಟಿದರೂ ನಡೆಯುತ್ತದೆ. ಗುಡಿಸಲಿನ ಮಾಡಿನ ಆಕಾರ. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗಬಾರದು. ಮಾತನಾಡುವಾಗ ತಂತಿಯ ತುದಿಗಳಲ್ಲಿ ಮುಟ್ಟಿದರೆ ಸುಡುವಷ್ಟು ವೋಲ್ಟೇಜ್ ಇರುತ್ತದೆ. ಅವು ಯಾರ ಕೈಗೂ, ದನಕರುಗಳ ಮೈಗೂ ಎಟುಕದಂತೆ 3 ಮೀಟರ್ ಮೇಲಿರಬೇಕು.

ನಡುಭಾಗ 8ರಿಂದ 10 ಮೀಟರ್ ಎತ್ತರದಲ್ಲಿದ್ದರೆ ಸಾಕು. ಪುಸ್ತಕಗಳಲ್ಲಿ 20 ಮೀಟರ್ ಬೇಕು ಎಂದು ಓದಿ ಕೆಲವರು ಕೈಬಿಡುತ್ತಾರೆ. ಅಷ್ಟು ಎತ್ತರ ಬೇಕಾದದ್ದು ದೂರದೇಶಗಳಿಗೆ. ತಗ್ಗಿನಲ್ಲಿರುವ ಡೈಪೋಲ್ ಅಲೆಯನ್ನು ಹೆಚ್ಚಾಗಿ ನೆತ್ತಿಯ ಕಡೆಗೇ ಕಳುಹಿಸುತ್ತದೆ. ಅದು ಅಯಾನುಗೋಳದಿಂದ ಕೊಡೆ ಹಿಡಿದಂತೆ ಸುತ್ತಲ ಕೆಲವು ನೂರು ಕಿ.ಮೀ. ಪ್ರದೇಶಕ್ಕೆ ಇಳಿದು ಬರುತ್ತದೆ. ನಡುವೆ ಬೆಟ್ಟ ಇದ್ದರೂ ಚಿಂತೆಯಿಲ್ಲ. ಮಡಿಕೇರಿಯಲ್ಲಿ ನೆರೆ ಬಂದಾಗ ಬೆಂಗಳೂರಿಗೆ ಸುದ್ದಿ ಮುಟ್ಟಿಸಬೇಕು ಎಂದುಕೊಳ್ಳಿ. ಆಗ ಅಮೆರಿಕಕ್ಕೆ ಕೇಳಿಸುವ ಆಂಟೆನಾಕ್ಕಿಂತ ಈ ತಗ್ಗಿನ ಆಂಟೆನಾವೇ ಮೇಲು.

ತಂತಿಯನ್ನು ಮೊದಲು ಅರ್ಧ ಮೀಟರ್ ಹೆಚ್ಚಿಗೆ ಇಟ್ಟುಕೊಂಡು ಆಮೇಲೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಮರ, ಗೋಡೆ, ತಂತಿಯ ಮೇಲಿನ ಪ್ಲಾಸ್ಟಿಕ್ ಇವೆಲ್ಲ ಲೆಕ್ಕವನ್ನು ತುಸು ಬದಲಿಸುತ್ತವೆ. ನಾನು ಮೊದಲ ಸಲ ಕಟ್ಟಿದಾಗ ಟೇಪು ಹಿಡಿದು ಸರಿಯಾಗಿ 10 ಮೀಟರ್‌ಗೆ ಕತ್ತರಿಸಿ, ಅದರಲ್ಲೇ ಒಂದಷ್ಟನ್ನು ಅವಾಹಕಕ್ಕೆ ಸುತ್ತಿ ಗಂಟು ಹಾಕಿದೆ. ಎರಡು ಕಡೆಯೂ ಗಿಡ್ಡವಾಯಿತು. ತೆಂಗಿನಕಾಯಿ ಕೀಳುವವರನ್ನು ಮತ್ತೆ ಬೇಡಿಕೊಂಡು, ಇಳಿಸಿ, ತುಂಡು ಬೆಸೆದು, ಏರಿಸಿದ್ದಾಯಿತು.

ಉದ್ದ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಒಂದು ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ಈ ತುದಿಯನ್ನು ಒಮ್ಮೆ ಜೋರಾಗಿ ಕೊಡಹಿ. ಅಲೆ ಹೋಗಿ ಸರಳಿಗೆ ಬಡಿದು ನಿಮ್ಮ ಕೈಗೇ ವಾಪಸು ಬರುತ್ತದೆ. ಆಂಟೆನಾ ಹೊಂದದಿದ್ದರೆ ಶಕ್ತಿ ಹೀಗೆಯೇ ಸೆಟ್ಟಿಗೆ ಹಿಂತಿರುಗುತ್ತದೆ. ಅದನ್ನು ಅಳೆಯುವ ಮೀಟರಿಗೆ ಎಸ್‌ಡಬ್ಲ್ಯುಆರ್ ಮೀಟರ್ ಎನ್ನುತ್ತಾರೆ. ಅದು 1 ತೋರಿಸಿದರೆ ಏನೂ ವಾಪಸು ಬರುತ್ತಿಲ್ಲ. 1.5 ಆದರೆ ನೂರಕ್ಕೆ 4 ಭಾಗ, 2 ಆದರೆ 11 ಭಾಗ, 3 ಆದರೆ 25 ಭಾಗ ವಾಪಸು. 1.5ರ ಒಳಗೆ ಬಂದರೆ ಕತ್ತರಿ ಕೆಳಗಿಡಿ. 1ಕ್ಕೇ ತರಬೇಕೆಂದು ದಿನವಿಡೀ ಒದ್ದಾಡುವವರೂ ಇದ್ದಾರೆ, ಅದರಿಂದ ದನಿಯಲ್ಲಿ ಏನೂ ವ್ಯತ್ಯಾಸವಾಗದು. ಈಗ ಅಂಗೈಯಗಲದ 'ನ್ಯಾನೊ ವಿಎನ್‌ಎ' ಎಂಬ ಉಪಕರಣ ಬಂದಿದೆ. ಯಾವ ಆವೃತ್ತಿಗೆ ತಂತಿ ಹೊಂದಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಕ್ಲಬ್ಬಿಗೆ ಒಂದಿದ್ದರೆ ಎಲ್ಲರಿಗೂ ಆಯಿತು. ಆಂಟೆನಾ ಸಿಕ್ಕಿಸದೆ ಮಾತ್ರ ಎಂದೂ ಮಾತನಾಡುವ ಗುಂಡಿ ಒತ್ತಬಾರದು. ಹೋಗಲು ದಾರಿಯಿಲ್ಲದ ಶಕ್ತಿ ಸೆಟ್ಟಿನ ಟ್ರಾನ್ಸಿಸ್ಟರನ್ನೇ ಸುಟ್ಟೀತು.

ಇದನ್ನು ಓದದೆ ಮೇಲೆ ಹತ್ತಬೇಡಿ

ಕರೆಂಟಿನ ಕಂಬ, ತಂತಿ ಇರುವ ಕಡೆ ಆಂಟೆನಾ ಕಟ್ಟಲೇಬಾರದು. ಆಂಟೆನಾ ಮುರಿದು ಯಾವ ಕಡೆಗೆ ಬಿದ್ದರೂ ಕರೆಂಟಿನ ತಂತಿಗೆ ತಾಗಬಾರದು. ಕಂಬದ ಎತ್ತರದ ಎರಡರಷ್ಟು ದೂರ ಬಿಡಿ. ಕರೆಂಟಿನ ತಂತಿಯ ಮೇಲಿನಿಂದ ಹಗ್ಗ ಎಸೆಯಬೇಡಿ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಈಗಿನ ಕೆನಡಾದ ಕಡಲತೀರದಲ್ಲಿ ಗಾಳಿಪಟದಿಂದ ತಂತಿಯನ್ನು ಮೇಲಕ್ಕೇರಿಸಿ, ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಸಂಕೇತ ಕೇಳಿದೆ ಎಂದರು. ಆಗ ಅಲ್ಲಿ ಹೈಟೆನ್ಷನ್ ತಂತಿಗಳು ಇರಲಿಲ್ಲ. ನೀವು ಗಾಳಿಪಟಕ್ಕೆ ಲೋಹದ ತಂತಿ ಕಟ್ಟಿ ಹಾರಿಸಿದರೆ ಪ್ರಾಣವೇ ಹೋದೀತು. ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಕೇಬಲ್ಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗೆ ಹಾಕಿ. ಸಿಡಿಲು ಹತ್ತಿರ ಬಂದ ಮೇಲೆ ಕಳಚಲು ಹೋಗಬೇಡಿ.

ಕೇಳುವುದು ಎಲ್ಲಿಂದ?

ಸಾಮಾನ್ಯ ಎಫ್.ಎಂ. ರೇಡಿಯೊ 108 ಮೆಗಾಹರ್ಟ್ಸ್‌ಗೆ ನಿಂತುಬಿಡುತ್ತದೆ. ಅದರಲ್ಲಿ 145.8 ಸಿಗದು. ಸಾಮಾನ್ಯ ಶಾರ್ಟ್‌ವೇವ್ ರೇಡಿಯೊದಲ್ಲಿ 7 ಮೆಗಾಹರ್ಟ್ಸ್ ಸಿಕ್ಕರೂ ಹ್ಯಾಮ್‌ಗಳ ಮಾತು ಬಾತುಕೋಳಿ ಮೂಗಿನಲ್ಲಿ ಮಾತನಾಡಿದಂತೆ ಕೇಳಿಸುತ್ತದೆ. ಅವರು ಬಳಸುವ ಮಿತವ್ಯಯದ ವಿಧಾನಕ್ಕೆ 'ಎಸ್‌ಎಸ್‌ಬಿ' ಎಂಬ ಗುಂಡಿ ಇರುವ ರೇಡಿಯೊ ಬೇಕು. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಇನ್ನೊಂದು ದಾರಿ ಇದೆ. ಪೆನ್‌ಡ್ರೈವ್ ಗಾತ್ರದ 'ಎಸ್‌ಡಿಆರ್' ಎಂಬ ಸಾಧನವನ್ನು ಸಿಕ್ಕಿಸಿದರೆ ಕಂಪ್ಯೂಟರೇ ರೇಡಿಯೊ ಆಗುತ್ತದೆ. ಇವುಗಳಲ್ಲಿ ಸಾಮಾನ್ಯವಾದದ್ದು ಮೊದಲು ತಯಾರಾದದ್ದು ಕಂಪ್ಯೂಟರಿನಲ್ಲಿ ಟಿ.ವಿ. ನೋಡಲಿಕ್ಕೆ! ಅದು ಕೇಳುತ್ತದೆ, ಮಾತನಾಡುವುದಿಲ್ಲ. ಪರವಾನಗಿ ಇರುವ ಹ್ಯಾಮ್ ಒಬ್ಬರನ್ನು ಶಾಲೆಗೆ ಕರೆಸಿ, ಅವರ ಜೊತೆ ಕುಳಿತು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಬಾಹ್ಯಾಕಾಶ ನಿಲ್ದಾಣ ನಿಮ್ಮ ಊರಿನ ಮೇಲೆ ಯಾವಾಗ ಹಾದುಹೋಗುತ್ತದೆ ಎಂದು ಇಂಟರ್‌ನೆಟ್‌ನಲ್ಲಿ ನೋಡಿಟ್ಟುಕೊಳ್ಳಿ. ನಿಮ್ಮ ಐದು ತಂತಿಯ ಆಂಟೆನಾವನ್ನು ಶಾಲೆಯ ಮಾಳಿಗೆಯಲ್ಲಿ ಬಯಲಿಗೆ ನಿಲ್ಲಿಸಿ. ಒಂದು ದಿಗಂತದಲ್ಲಿ ಮೂಡಿ ಇನ್ನೊಂದರಲ್ಲಿ ಮುಳುಗಲು ನಿಲ್ದಾಣಕ್ಕೆ ಹೆಚ್ಚೆಂದರೆ ಸುಮಾರು 10 ನಿಮಿಷ ಸಾಕು. ಅದು ಯಾವಾಗಲೂ ಮಾತನಾಡುತ್ತಿರುವುದಿಲ್ಲ. ಗಗನಯಾತ್ರಿಗಳು ಶಾಲೆಗಳ ಜೊತೆ ಮಾತನಾಡುವಾಗ, ಅಥವಾ ಚಿತ್ರಗಳನ್ನು ದನಿಯಾಗಿ ಬದಲಿಸಿ ಕಳುಹಿಸುವ ವಿಶೇಷ ದಿನಗಳಲ್ಲಿ 145.8ರಲ್ಲಿ ಕೇಳಿಸುತ್ತದೆ. ಆ ದಿನಗಳನ್ನು ಮೊದಲೇ ಪ್ರಕಟಿಸಿರುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಯಾವ ದಿಕ್ಕಿನಲ್ಲಿ ಮೊದಲು ಕೇಳಿತು, ಯಾವಾಗ ನಿಂತಿತು ಎಂದು ಬರೆಯಿರಿ. ಕೇಳಿದ ವಿವರ ಬರೆದು ಕಳುಹಿಸಿದವರಿಗೆ ನೆನಪಿನ ಕಾರ್ಡು ಕಳುಹಿಸುವ ರೂಢಿ ಹ್ಯಾಮ್‌ಗಳಲ್ಲಿ ಇದೆ.

ಮೊದಲ ಸಲ ಏನೂ ಕೇಳಿಸದಿದ್ದರೆ ತಂತಿಗಳ ಉದ್ದ ಮತ್ತೊಮ್ಮೆ ಅಳೆದು ನೋಡಿ, ಕೇಬಲ್ಲಿನ ಬೆಸುಗೆ ನೋಡಿ. ಒಂದೂವರೆ ಗಂಟೆಯಲ್ಲಿ ನಿಲ್ದಾಣ ಭೂಮಿಯನ್ನು ಒಂದು ಸುತ್ತು ಹಾಕಿ ಬಂದಿರುತ್ತದೆ. ಅಷ್ಟರಲ್ಲಿ ಭೂಮಿಯೂ ತಿರುಗಿರುವುದರಿಂದ ಅದರ ದಾರಿ ನಿಮ್ಮಿಂದ ಪಶ್ಚಿಮಕ್ಕೆ ಸರಿದಿರುತ್ತದೆ. ಎರಡನೆಯ ಸಲ ಆ ಕಡೆಗೆ ಮರ, ಗೋಡೆ ಅಡ್ಡ ಬಾರದ ಹಾಗೆ ಆಂಟೆನಾ ಇಡಿ.